68 ಎಂಬುದು ಯಾವುದರ ಅಂಕ?

ಡೊಂಬಿವಲಿಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: "ಮಗನಿಗೆ 8 ವರ್ಷ. ಎರಡೂ ಕಿವಿ ತುಂಬಾ ಮಂದ. ಮೂರನೇ ವರ್ಷದಿಂದ ಹಿಯರಿಂಗ್ ಏಡ್ ಹಾಕಿದ್ದೇವೆ. ಮನೆಯಲ್ಲಿ ಕನ್ನಡ, ಅತ್ತೆಯದು ತುಳು, ಕೆಳಗೆ ಆಡಲು ಹೋದರೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಶಾಲೆಯವರು ಐಕ್ಯೂ ಟೆಸ್ಟ್ ಮಾಡಿಸಿದರು, 68 ಬಂತು. ಬುದ್ಧಿಮಾಂದ್ಯ ಅಂತ ಹೇಳಿ ಟಿಸಿ ತಗೊಳ್ಳಿ ಎನ್ನುತ್ತಿದ್ದಾರೆ. ಇವನು ಮನೆಯಲ್ಲಿ ಕೆಟ್ಟ ಮಿಕ್ಸರ್ ಬಿಚ್ಚಿ ಜೋಡಿಸುತ್ತಾನೆ. ಯಾರನ್ನು ನಂಬಲಿ? ಸನ್ನೆ ಭಾಷೆ ಕಲಿಸಿದರೆ ಮಾತು ಬರುವುದೇ ಇಲ್ಲವಂತೆ, ಹೌದಾ?"

ಪ್ರಿಯ ಸಹೋದರಿ,

ಟಿಸಿ ಅರ್ಜಿಗೆ ಸದ್ಯಕ್ಕೆ ಸಹಿ ಹಾಕಬೇಡಿ. ಮೊದಲು ಆ ಟೆಸ್ಟಿನ ಪೂರ್ತಿ ವರದಿ ಕೇಳಿ ಪಡೆಯಿರಿ. 68 ಎಂದು ಬರೆದ ಚೀಟಿ ಸಾಲದು. ಯಾವ ಟೆಸ್ಟ್, ಯಾವ ಭಾಷೆಯಲ್ಲಿ ಕೇಳಿದರು, ಆ ದಿನ ಅವನ ಏಡ್ ಸರಿಯಾಗಿ ಕೆಲಸ ಮಾಡುತ್ತಿತ್ತಾ, ಇದೆಲ್ಲ ಅದರಲ್ಲಿ ಇರಬೇಕು.

ನಮ್ಮಲ್ಲಿ ಬಹಳ ಕಡೆ ಬಳಸುವುದು ನಾಗಪುರದ ಮಾಲಿನ್ ಅವರು ಭಾರತದ ಮಕ್ಕಳಿಗೆ ಹೊಂದಿಸಿದ ಟೆಸ್ಟ್. ಅದರಲ್ಲಿ ಎರಡು ಭಾಗ. ಒಂದು ಮಾತಿನದು: ಪದದ ಅರ್ಥ ಹೇಳು, ಅಂಕಿಗಳನ್ನು ಕೇಳಿಸಿಕೊಂಡು ಹಾಗೇ ಹೇಳು. ಇನ್ನೊಂದು ಕೈಯದು: ಚಿತ್ರದಲ್ಲಿ ಏನಿಲ್ಲ ನೋಡು, ತುಂಡು ಜೋಡಿಸು. ಕೊನೆಗೆ ಎರಡರ ಸರಾಸರಿ. ಮಾತಿನಲ್ಲಿ 50, ಕೈಯಲ್ಲಿ 86 ಬಂದರೂ ಸರಾಸರಿ 68! ಹಾಗಿದ್ದರೆ ಆ 68 ಅವನ ಬುದ್ಧಿಯದಷ್ಟೇ ಅಲ್ಲ, ಅವನಿಗೆ ಇದುವರೆಗೆ ಎಷ್ಟು ಭಾಷೆ ಕೇಳಿಸಿದೆ ಎಂಬುದರ ಲೆಕ್ಕವೂ ಅದರಲ್ಲಿ ಬೆರೆತಿದೆ. ಅಮೆರಿಕದ ಮನಃಶಾಸ್ತ್ರಜ್ಞ ಜೆಫ್ರಿ ಬ್ರೇಡನ್ 1994ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮಾತಿಲ್ಲದ ಟೆಸ್ಟ್‌ಗಳಲ್ಲಿ ಕಿವುಡ ಮಕ್ಕಳ ಸರಾಸರಿ 100ರ, ಅಂದರೆ ಎಲ್ಲ ಮಕ್ಕಳ ಸರಾಸರಿಯ, ಹತ್ತಿರವೇ ಇತ್ತು. ಮಾತಿನ ಟೆಸ್ಟ್‌ಗಳಲ್ಲಿ ಸುಮಾರು 15 ಅಂಕ ಕಡಿಮೆ. ಹಾಗಾಗಿ ಎರಡೂ ಭಾಗದ ಅಂಕ ಬೇರೆ ಬೇರೆಯಾಗಿ ಕೇಳಿ.

"ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ" ಎಂದು ಟೆಸ್ಟ್ ಮಾಡಿದವರು ಬರೆದಿರಬಹುದು. ಕನ್ನಡಿ ಮುಂದೆ ನಿಂತು ದನಿ ಹೊರಡಿಸದೆ ಬರ, ಮರ, ಪರ ಅಂತ ಹೇಳಿ ನೋಡಿ. ಮೂರೂ ಒಂದೇ ಥರ ಕಾಣುತ್ತವೆ. ಅದೂ ಇವನು ಮೇಜಿನ ಮೇಲಿನ ತುಂಡುಗಳನ್ನೂ ನೋಡಬೇಕು, ತಲೆಯೆತ್ತಿ ಮುಖವನ್ನೂ ನೋಡಬೇಕು. ಕಿವಿ ಕೇಳಿಸುವ ಮಗು ಎರಡನ್ನೂ ಒಟ್ಟಿಗೆ ಮಾಡುತ್ತದೆ. ಸ್ಟಾಪ್‌ವಾಚ್ ಮಾತ್ರ ಇಬ್ಬರಿಗೂ ಒಂದೇ.

ಮಾತು ಬೇಕಿಲ್ಲದ ಬೇರೆ ಟೆಸ್ಟ್‌ಗಳಿವೆ, ಅವೇನೂ ಹೊಸವಲ್ಲ. ಲೈಟರ್ ಸ್ಕೇಲ್ 1929ರದು, ಸನ್ನೆಯಲ್ಲೇ ವಿವರಿಸಿ ಮಾಡಿಸಬಹುದು. ರೇವನ್ಸ್ ಮ್ಯಾಟ್ರಿಸಸ್ 1938ರದು, ವಿನ್ಯಾಸದಲ್ಲಿ ಬಿಟ್ಟುಹೋದ ತುಂಡು ಯಾವುದು ಎಂದು ಆರಿಸುವುದು. ಆದರೂ ಇಂಥ ಒಂದೇ ಟೆಸ್ಟ್ ಮಾಡಿ ಬೇರೆ ಅಂಕ ಕೊಟ್ಟರೆ ತೃಪ್ತಿಪಡಬೇಡಿ. ಮಿಕ್ಸರ್ ಜೋಡಿಸುವುದು ಒಳ್ಳೆಯ ಸುಳಿವು ನಿಜ, ಆದರೆ ಅದೊಂದರಿಂದಲೇ ಎಲ್ಲ ಸರಿಯಿದೆ ಎನ್ನಲೂ ಆಗದು.

ಕಿವಿ ಯಾಕೆ ಹೋಯಿತು ಎಂಬ ವಿಷಯ ನಿಮ್ಮ ಪತ್ರದಲ್ಲಿಲ್ಲ. ಇದು ಸಣ್ಣ ಮಾತಲ್ಲ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ), ಗರ್ಭದಲ್ಲಿ ತಗುಲುವ ರುಬೆಲ್ಲಾ ಅಥವಾ ಸೈಟೋಮೆಗಲೋ ವೈರಸ್, ಹುಟ್ಟಿದಾಗಿನ ತೀವ್ರ ಕಾಮಾಲೆ, ಅವಧಿಗೆ ಬಹಳ ಮುಂಚೆ ಹೆರಿಗೆ, ಇವು ಕಿವಿಯ ಜೊತೆಗೆ ಮಿದುಳನ್ನೂ ತಟ್ಟಬಹುದು. ಆಗ ಗಮನ, ನೆನಪು, ಕೈಹಿಡಿತದಲ್ಲಿ ತೊಂದರೆ ಕಾಣಬಹುದು. ಕನೆಕ್ಸಿನ್ 26 ಎಂಬ ಜೀನಿನ ದೋಷದಿಂದ ಬಂದದ್ದಾದರೆ ಸಾಮಾನ್ಯವಾಗಿ ಕಿವಿಗಷ್ಟೇ. ಅದಕ್ಕೇ ಒಳ್ಳೆಯ ನ್ಯೂರೋಸೈಕಾಲಜಿ ಪರೀಕ್ಷೆಯಲ್ಲಿ (ಮಿದುಳಿನ ಒಂದೊಂದು ಕೆಲಸವನ್ನೂ ನೋಡುವ ಪರೀಕ್ಷೆ) ಹೆರಿಗೆಯ ಕಾಗದಗಳಿಂದ ಶುರುಮಾಡುತ್ತಾರೆ. ಗಮನ, ನೆನಪು, ಕಣ್ಣು-ಕೈ ಹೊಂದಾಣಿಕೆ, ಯೋಜನೆ ಹಾಕುವ ಶಕ್ತಿ, ಭಾಷೆ, ಎಲ್ಲವನ್ನೂ ಬೇರೆ ಬೇರೆ ನೋಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕ್ಲಾಸಿನಲ್ಲಿ ಎತ್ತಲೋ ನೋಡುತ್ತಾನೆ ಎಂಬ ದೂರಿದ್ದರೆ, ಅದು ಗಮನದ ದೋಷವೋ, ದಿನವಿಡೀ ಕಷ್ಟಪಟ್ಟು ಕೇಳಿಸಿಕೊಂಡ ಸುಸ್ತೋ, ಅದನ್ನೂ ಬಿಡಿಸಿ ಹೇಳಬೇಕು.

ಎಲ್ಲಿಗೆ ಹೋಗುವುದು? ಮುಂಬೈಯ ಬಾಂದ್ರಾ ರಿಕ್ಲಮೇಶನ್‌ನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ, 1983ರಿಂದ ಕಿವಿ-ಮಾತಿನ ತೊಂದರೆಗಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ದಾದರ್‌ನಲ್ಲಿ ಗಾಡಿ ಬದಲಿಸಿದರಾಯಿತು. ಊರಿಗೆ ಹೋಗುವ ರಜೆಯಲ್ಲಿ ಮಾತು-ಕಿವಿಯ ತೊಂದರೆಗಳಿಗಾಗಿಯೇ ಇರುವ ಮೈಸೂರಿನ ಸಂಸ್ಥೆ ಆಯಿಷ್‌ಗೂ ಹೋಗಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡಿಸುತ್ತಾರೆ. ಖಾಸಗಿಯವರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಹೋಗುವ ಮುಂಚೆ ಕಿವಿ ಪರೀಕ್ಷೆ ಹೊಸದಾಗಿ ಮಾಡಿಸಿ. ಮಕ್ಕಳ ಕಿವಿ ಬೆಳೆಯುತ್ತದೆ, ಏಡ್ ಕೂರಿಸುವ ಅಚ್ಚು (ಮೋಲ್ಡ್) ಸಡಿಲವಾಗುತ್ತದೆ. ಆ ದಿನಕ್ಕೆ ಹೊಸ ಬ್ಯಾಟರಿ ಇಟ್ಟುಕೊಳ್ಳಿ.

ಶಾಲೆಗೆ ಹೇಳಬೇಕಾದದ್ದು ಇಷ್ಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಹೊರಹಾಕುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಇದು ಅನ್ವಯಿಸುವುದಿಲ್ಲ, ನಿಮ್ಮದು ಅಂಥದ್ದಾ ನೋಡಿಕೊಳ್ಳಿ. 40%ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವೆಂದು ಪ್ರಮಾಣಪತ್ರ ಇದ್ದರೆ, 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ಆಯ್ಕೆ ಮಗುವಿನದು, ಪ್ರಿನ್ಸಿಪಾಲರದಲ್ಲ.

ಇನ್ನು ಸನ್ನೆ ಭಾಷೆ. ಅದರಿಂದ ಮಾತು ನಿಂತುಹೋಗುತ್ತದೆ ಎಂಬುದು ಹಳೆಯ ಹೆದರಿಕೆ. ಸನ್ನೆ ಮಾಡುವ ಕಿವುಡ ತಂದೆತಾಯಿಯ ಕಿವುಡ ಮಕ್ಕಳು ಮಾತಿಲ್ಲದ ಟೆಸ್ಟ್‌ಗಳಲ್ಲಿ ಯಾರಿಗೂ ಕಡಿಮೆಯಿಲ್ಲ ಎಂದು ಬ್ರೇಡನ್ ನೋಡಿದ ಅಧ್ಯಯನಗಳೇ ಹೇಳುತ್ತವೆ. ಹುಟ್ಟಿದಂದಿನಿಂದ ಅವರಿಗೊಂದು ಪೂರ್ತಿ ಭಾಷೆ ಸಿಕ್ಕಿತ್ತು. ನಿಮ್ಮ ಮಗನಿಗೆ ನಾಲ್ಕು ಭಾಷೆಗಳು ಸುತ್ತಲೂ ಇವೆ, ಒಂದೂ ಪೂರ್ತಿ ಕೇಳಿಸಿಲ್ಲ. ಸ್ಪೀಚ್ ಥೆರಪಿ ಬಿಡಬೇಡಿ, ಜೊತೆಗೆ ಸನ್ನೆಯನ್ನೂ ಶುರುಮಾಡಿ. ನೀವೂ ಕಲಿಯಿರಿ, ಮನೆಯವರೂ ಕಲಿಯಲಿ. ಅತ್ತೆಯವರಿಗೂ ಒಂದಿಷ್ಟು ಹೇಳಿಕೊಡಿ.

— ಸಂಪಾದಕ