ಹಕುಹೊ ಕಂಡ ಜಪಾನು

ಟೋಕಿಯೊಗೆ ಬಂದು ಎಂಟು ತಿಂಗಳಾಯಿತೆಂದು ಬರೆದಿದ್ದೀರಿ. ಭಾಷೆ ಕಲಿತು ನಿಷ್ಠೆಯಿಂದ ದುಡಿದರೆ ಇಲ್ಲಿಯವರು ನಮ್ಮನ್ನು ತಮ್ಮವರೆಂದು ಒಪ್ಪುವರೇ, ಮುಂದೆ ಇಲ್ಲಿಯ ಪೌರತ್ವ ಪಡೆಯಬಹುದೇ ಎಂದು ಕೇಳಿದ್ದೀರಿ. 19 ವರ್ಷಗಳಿಂದ ಇಲ್ಲಿರುವ ನಾನು ಈ ಪ್ರಶ್ನೆ ಬಂದಾಗಲೆಲ್ಲ ಸುಮೊ ಮಲ್ಲ ಹಕುಹೊ ಅವರ ಕಥೆಯನ್ನು ಹೇಳುತ್ತೇನೆ.

2000ದಲ್ಲಿ ಮಂಗೋಲಿಯಾದಿಂದ ಬಂದಾಗ ಆ ಹುಡುಗನಿಗೆ 15 ವರ್ಷ, ತೂಕ ಬರೀ 62 ಕಿಲೊ. ತಂದೆ 1968ರ ಮೆಕ್ಸಿಕೊ ಒಲಿಂಪಿಕ್ಸ್ ಕುಸ್ತಿಯಲ್ಲಿ ಬೆಳ್ಳಿ ಗೆದ್ದವರಾಗಿದ್ದರೂ ಮಗನ ಕಡ್ಡಿಯಂಥ ಮೈ ನೋಡಿ ಯಾವ ಗರಡಿಯೂ ಸೇರಿಸಿಕೊಳ್ಳಲಿಲ್ಲ. ಇನ್ನೇನು ಊರಿಗೆ ಮರಳಬೇಕೆನ್ನುವಾಗ ಮಿಯಾಗಿನೊ ಗರಡಿಯ ಬಾಗಿಲು ತೆರೆಯಿತು. ಗರಡಿಯಲ್ಲಿ ಕಿರಿಯನಾದವನು ನಸುಕಿಗೆ ಮೊದಲೇ ಎದ್ದು ಮಣ್ಣಿನ ಕಣದಲ್ಲಿ ಕಾಲೆತ್ತಿ ಬಡಿಯಬೇಕು, ಹಿರಿಯರ ಬೆನ್ನುಜ್ಜಬೇಕು, ಚಾಂಕೊ ಸಾರು ಕುದಿಸಿ ಬಡಿಸಿ, ಎಲ್ಲರೂ ಎದ್ದ ಮೇಲೆ ತಾನು ಉಣ್ಣಬೇಕು. ರ್‍ಯೊಗೊಕು ನಿಲ್ದಾಣದಲ್ಲಿ ಯುಕಾತಾ ತೊಟ್ಟ ಇಂಥ ಹುಡುಗರು ರೈಲು ಹತ್ತಿದರೆ, ಜುಟ್ಟಿಗೆ ಹಚ್ಚಿದ ಎಣ್ಣೆಯ ಸಿಹಿ ಪರಿಮಳ ಇಡೀ ಬೋಗಿಯನ್ನು ತುಂಬುತ್ತದೆ, ನೀವೂ ಗಮನಿಸಿರಬಹುದು.

2007ರಲ್ಲಿ, 22ರ ಹರೆಯದಲ್ಲಿ, ಅವರು 69ನೆಯ ಯೊಕೊಝುನಾ, ಅಂದರೆ ಸುಮೊದ ಅತ್ಯುನ್ನತ ಪದವಿಯ ಮಲ್ಲ, ಆದರು. ಮುಂದೆ 45 ಪ್ರಶಸ್ತಿ, 1187 ಗೆಲುವು, 2010ರಲ್ಲಿ ಸತತ 63 ಜಯ. ಅಂಕಿಗಳಲ್ಲಿ ಅವರನ್ನು ಮೀರಿಸುವವರು ಕಡಿಮೆ. ಆದರೆ ಆ ಪದವಿಗೆ ‘ಹಿಂಕಾಕು’ ಎಂಬ ಘನತೆಯೂ ಬೇಕೆನ್ನುತ್ತಾರೆ. ತಕರಾರು ಎದ್ದದ್ದು ಅಲ್ಲೇ. ಪಂದ್ಯ ಶುರುವಾಗಿ ಎದುರಾಳಿ ಮೇಲೇಳುತ್ತಲೇ ಕೆನ್ನೆಗೆ ಬಾರಿಸುವುದು, ಮೊಣಕೈಯಿಂದ ಅಪ್ಪಳಿಸುವುದು ನಿಯಮದಲ್ಲಿ ತಪ್ಪಲ್ಲ, ಕೆಳಗಿನವನು ಮಾಡಿದರೆ ಯಾರೂ ಕೇಳುವುದಿಲ್ಲ. ಯೊಕೊಝುನಾ ಮಾಡಿದರೆ ಪತ್ರಿಕೆಗಳು ಬಿಡುವುದಿಲ್ಲ. 2017ರ ನವೆಂಬರಿನಲ್ಲಿ ಫುಕುವೊಕಾದಲ್ಲಿ ಸೋತ ಮೇಲೂ ತೀರ್ಪನ್ನೊಪ್ಪದೆ ಕಣದ ಕೆಳಗೇ ನಿಂತುಬಿಟ್ಟದ್ದು ಮಾತ್ರ ನನಗೂ ಹಿಡಿಸಲಿಲ್ಲ. ಪರದೇಶಿಯೆಂದೇ ಈ ಟೀಕೆ ಎಂದು ಮೊದಲು ನಾನು ಸಿಟ್ಟಾಗುತ್ತಿದ್ದೆ. ಅದೇ ಮಂಗೋಲಿಯಾದ ಇನ್ನೊಬ್ಬ ಯೊಕೊಝುನಾ, ಸೌಮ್ಯ ಸ್ವಭಾವದ ಕಕುರ್‍ಯು ಅವರ ಮೇಲೆ ಅಂಥ ಮಾತು ಅಷ್ಟಾಗಿ ಬರದಿದ್ದುದನ್ನು ಕಂಡ ಮೇಲೆ ವಿಷಯ ಅಷ್ಟು ಸರಳವೆನಿಸುವುದಿಲ್ಲ.

ನಿವೃತ್ತಿಯ ಬಳಿಕ ಸುಮೊ ಸಂಘದ ಹಿರಿಯನಾಗಿ, ಅಂದರೆ ಹೊಸಬರಿಗೆ ಕಲಿಸುವ ಗುರುವಾಗಿ, ಉಳಿಯಲು ಜಪಾನಿನ ಪೌರತ್ವ ಕಡ್ಡಾಯ. ಹಾಗಾಗಿ 2019ರಲ್ಲಿ ಅವರು ಮಂಗೋಲಿಯಾದ ಪೌರತ್ವವನ್ನು ಬಿಟ್ಟರು. ಆದರೂ 2021ರಲ್ಲಿ ಹಿರಿಯನ ಸ್ಥಾನ ಕೊಡುವಾಗ ಸಂಘದ ನಿಯಮ, ಸಂಪ್ರದಾಯಗಳಿಗೆ ಬದ್ಧನೆಂದು ಅವರಿಂದ ಬರೆಸಿಕೊಂಡರು. 2024ರಲ್ಲಿ ಶಿಷ್ಯನೊಬ್ಬನ ಹಿಂಸಾಚಾರದ ಪ್ರಕರಣದಿಂದ ಅವರು ನಡೆಸುತ್ತಿದ್ದ ಗರಡಿ ಮುಚ್ಚಿತು, 2025ರ ಜೂನ್‌ನಲ್ಲಿ ಅವರೇ ಸಂಘದಿಂದ ಹೊರಬಂದರು.

ಭಾರತವೂ ಎರಡು ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ನೀವೂ ಒಂದನ್ನು ಕೈಬಿಡಲೇಬೇಕಾಗುತ್ತದೆ. ಕೆಲಸಕ್ಕೋ ಮಕ್ಕಳ ಅನುಕೂಲಕ್ಕೋ ಬೇಕೆನಿಸಿದರೆ ಧಾರಾಳವಾಗಿ ಪಡೆಯಿರಿ, ಆದರೆ ಒಪ್ಪಿಕೊಂಡರೆಂಬುದಕ್ಕೆ ರಸೀದಿಯೆಂದು ಪಡೆಯಬೇಡಿ. ನನ್ನ ಮಗಳು ಈ ವರ್ಷ ಅರ್ಜಿ ಹಾಕಲಿದ್ದಾಳೆ. ನಾನು ಮಾತ್ರ ನೀಲಿ ಪಾಸ್‌ಪೋರ್ಟನ್ನು ಕಳೆದ ತಿಂಗಳಷ್ಟೇ ನವೀಕರಿಸಿಕೊಂಡೆ.