ಕಿವಿಗೆ ಕೇಳಿಸದ ಅಕ್ಷರಗಳು

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಸ್ಟಾಫ್ ನರ್ಸ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಇಂಗ್ಲೆಂಡಿಗೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ಅದರ ಲಿಸನಿಂಗ್‌ನಲ್ಲಿ, ಅಂದರೆ ಆಡಿಯೊ ಕೇಳಿ ಉತ್ತರ ಬರೆಯುವ ಭಾಗದಲ್ಲಿ, 7 ಬ್ಯಾಂಡ್ (ಅಂಕದ ಮಟ್ಟ) ಬೇಕು. ಮಾದರಿ ಪರೀಕ್ಷೆಯಲ್ಲಿ 40ಕ್ಕೆ 27 ಬಂತು. ಐದು ಉತ್ತರ ಗೊತ್ತಿದ್ದೂ ಸ್ಪೆಲಿಂಗ್‌ನಿಂದ ಹೋದವು. ದಿನಾ 50 ಪದ ಬಾಯಿಪಾಠ ಮಾಡಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ. ಉತ್ತರದ ಹಾಳೆ ಕಳಿಸಿದ್ದೇನೆ. ಏನು ಮಾಡಲಿ, ಮೇಡಂ?
– ಹೆಸರು ಬೇಡ

ಉತ್ತರ: ಮೊದಲು ಆ 50 ಪದದ ಪಟ್ಟಿಯನ್ನು ಪಕ್ಕಕ್ಕಿಡಿ. 7 ಬ್ಯಾಂಡ್‌ಗೆ ಸಾಮಾನ್ಯವಾಗಿ 30ರ ಹತ್ತಿರ ಸರಿ ಇರಬೇಕು. ನಿಮಗೆ ಬೇಕಾದ ಮಾರ್ಕ್ಸ್ ನೀವು ಕಳಿಸಿದ ಹಾಳೆಯಲ್ಲೇ ಇದೆ.

ಹಾಳೆಯನ್ನು ಎರಡು ಸಲ ನೋಡಿದೆ. ಡೈನಿಂಗ್ ರೂಮ್‌ಗೆ ಎರಡು ಎನ್ ಹಾಕಿದ್ದೀರಿ. ಅಕಾಮಡೇಷನ್‌ಗೆ ಒಂದೇ ಎಮ್. ಗವರ್ನ್‌ಮೆಂಟ್‌ನಲ್ಲಿ ನಡುವಿನ ಎನ್ ಇಲ್ಲ, ವೆಡ್ನೆಸ್‌ಡೇಯಲ್ಲಿ ಮೊದಲ ಡಿ ಇಲ್ಲ, ಲೈಬ್ರರಿಯಲ್ಲಿ ಒಂದು ಆರ್ ಇಲ್ಲ. ಇದು ದಡ್ಡತನ ಖಂಡಿತ ಅಲ್ಲ. ನೀವು ಕಿವಿಯನ್ನು ನಂಬಿ ಬರೆದಿದ್ದೀರಿ. ಕನ್ನಡ ನಮಗೆ ಕಲಿಸಿದ್ದೇ ಹಾಗೆ, ಅಲ್ವಾ? ಹಳಿ ಬೇರೆ, ಹಳ್ಳಿ ಬೇರೆ. ಒತ್ತು ಇದ್ದರೆ ಕಿವಿಗೆ ಕೇಳಿಸುತ್ತದೆ.

ಇಂಗ್ಲಿಷ್‌ನಲ್ಲಿ ಜೋಡಿ ಅಕ್ಷರ ಹಾಗೆ ಕೇಳಿಸುವುದಿಲ್ಲ. ಎಷ್ಟೋ ಕಡೆ ಅದು ಹಿಂದಿನ ಸ್ವರವನ್ನು ಗಿಡ್ಡ ಮಾಡುವುದಕ್ಕೆ ಬರುತ್ತದೆ. ಡೈನಿಂಗ್‌ನಲ್ಲಿ 'ಐ' ಎಂದು ಎಳೆಯುತ್ತೇವೆ, ಒಂದೇ ಎನ್. ಡಿನ್ನರ್‌ನಲ್ಲಿ ಬರೀ 'ಇ', ಎರಡು ಎನ್. ರೈಟಿಂಗ್‌ಗೆ ಒಂದು ಟಿ, ರಿಟನ್‌ಗೆ ಎರಡು. ಹೋಪಿಂಗ್‌ಗೆ ಒಂದು ಪಿ, ಕುಂಟುವ ಹಾಪಿಂಗ್‌ಗೆ ಎರಡು. ಹೈಸ್ಕೂಲಿನಲ್ಲಿ 29 ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಇದನ್ನು ಬೋರ್ಡಿನ ಮೇಲೆ ಜೋಡಿ ಜೋಡಿಯಾಗಿ ಬರೆದ ದಿನ ಹಿಂದಿನ ಬೆಂಚಿನವರೂ ಕತ್ತೆತ್ತಿ ನೋಡುತ್ತಿದ್ದರು.

ಎಲ್ಲ ಪದಕ್ಕೂ ಈ ಲೆಕ್ಕ ಕೂಡಿಬರುವುದಿಲ್ಲ. ಅಂಥ ಕಡೆ ನಮ್ಮ ಒತ್ತಕ್ಷರವನ್ನೇ ಕೆಲಸಕ್ಕೆ ಹಚ್ಚಿ. ಅಕಾಮಡೇಷನ್ ಎಂದು ಮಾತಾಡಿ, ಆದರೆ ಬರೆಯುವಾಗ ಮನಸ್ಸಿನಲ್ಲಿ 'ಅಕ್ಕೊಮ್ಮೊಡೇಷನ್' ಎಂದುಕೊಳ್ಳಿ. ಕ್ಕ ಬಂತು, ಎರಡು ಸಿ. ಮ್ಮ ಬಂತು, ಎರಡು ಎಮ್. ಹಾಗೆಯೇ ಗವರ್ನ್-ಮೆಂಟ್, ವೆಡ್-ನೆಸ್-ಡೇ, ಲೈ-ಬ್ರ-ರಿ. ಊರಲ್ಲಿ ಗೌರ್ಮೆಂಟು ಅಂತ ಅಂದುಕೊಂಡಿರಿ, ತೊಂದರೆಯಿಲ್ಲ. ಪೆನ್ನು ಹಿಡಿದಾಗ ಮಾತ್ರ ಇನ್ನೊಂದು ಉಚ್ಚಾರ ಬೇಕು.

ನೋಡಿಕೊಂಡು ಹತ್ತು ಸಲ ಬರೆಯುವುದು ಸುಮ್ನೆ ಕೈನೋವು. ತಪ್ಪಾದ ಪದಗಳನ್ನು ಮೊಬೈಲಿನಲ್ಲಿ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ, ಎರಡು ಪದಗಳ ನಡುವೆ ಹತ್ತು ಸೆಕೆಂಡ್ ಬಿಡಿ. ಡ್ಯೂಟಿ ಮುಗಿಸಿ ಬಂದ ಮೇಲೆ ಕೇಳಿಸಿಕೊಂಡು ಬರೆಯಿರಿ. ತಪ್ಪಿದ್ದನ್ನು ಮಾರನೇ ದಿನ, ಸರಿಯಾದದ್ದನ್ನು ಮೂರು ದಿನ ಬಿಟ್ಟು ಮತ್ತೆ ಬರೆಯಿರಿ.

ಪರೀಕ್ಷೆಯಲ್ಲಿ ಆಡಿಯೊ ಒಂದೇ ಸಲ ಕೇಳಿಸುತ್ತಾರೆ. ಮೊದಲ ಭಾಗದಲ್ಲಿ ಹೆಸರು, ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಹೇಳುವುದುಂಟು. ಇಲ್ಲಿ ನಮ್ಮವರು ಎ, ಇ, ಐ ಮೂರನ್ನೂ ಕಲಸಿಬಿಡುತ್ತಾರೆ. ಜಿ ಮತ್ತು ಜೆ ಕೂಡ. ಮನೆಯಲ್ಲಿ ಯಾರಾದರೂ ಇದ್ದರೆ ಅವರಿಂದ ಬೀದಿ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳಿಸಿಕೊಳ್ಳಿ. 'ಡಬಲ್ ಟಿ' ಅಂದ ತಕ್ಷಣ ಕೈ ಎರಡು ಟಿ ಬರೆಯಬೇಕು. ಬ್ರಿಟಿಷ್ ಸ್ಪೆಲಿಂಗೂ ಅಮೆರಿಕನ್ ಸ್ಪೆಲಿಂಗೂ ಎರಡೂ ನಡೆಯುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಬಹುವಚನದ ಕೊನೆಯ ಎಸ್ ಬಿಟ್ಟರೂ ಮಾರ್ಕ್ಸ್ ಹೋಗುತ್ತದೆ. ನಿಮ್ಮ ಹಾಳೆಯ 14ನೇ ಉತ್ತರ ಇನ್ನೊಮ್ಮೆ ನೋಡಿ, ಅಲ್ಲಿ ಹೋಗಿರುವುದು ಆ ಎಸ್.

ಈ ವಾರ ಆ ಐದೇ ಪದ ಸಾಕು. ಮುಂದಿನ ಮಾದರಿ ಪರೀಕ್ಷೆಯ ಹಾಳೆಯನ್ನೂ ಕಳಿಸಿ, ನೋಡುತ್ತೇನೆ.