ಬಂದಿದ್ದು ಹೆಸರು, ತಂಡವಲ್ಲ

ಧಾರವಾಡದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮಗಳು ಕೆನಡಾದ ವಿನ್ನಿಪೆಗ್‌ನಲ್ಲಿದ್ದಾಳೆ. ಹೋದ ಚಳಿಗಾಲ ಇವರೂ ಅಲ್ಲಿಗೆ ಹೋಗಿದ್ದರು. ಮಗಳು ಐಸ್ ಹಾಕಿ ನೋಡಲು ಕರೆದುಕೊಂಡು ಹೋದಳು. ಊರಿನ ದೊಡ್ಡ ತಂಡ ಜೆಟ್ಸ್‌ನ ಟಿಕೆಟ್ ದುಬಾರಿ ಅಂತ ಅದರ ಕೆಳಗಿನ ಸಣ್ಣ ತಂಡ ಮೂಸ್‌ನ ಪಂದ್ಯ ನೋಡಿ ಬಂದರು. ವಾಪಸು ಬಂದ ಮೇಲೆ ನಮ್ಮ ಪತ್ರಿಕೆಯಲ್ಲಿ 'ಹದಿನೈದು ವರ್ಷದ ನಂತರ ಮನೆಗೆ ಮರಳಿದ ಜೆಟ್ಸ್' ಎಂಬ ಲೇಖನ ಓದಿ ಅವರಿಗೆ ಸಿಟ್ಟು ಬಂದಿದೆ. ಹೋದದ್ದು ಅಮೆರಿಕದ ಅರಿಜೋನಾಗೆ, ಬಂದದ್ದು ಅಟ್ಲಾಂಟಾದಿಂದ, ಇದು ಯಾವ ಸೀಮೆ ಮರಳುವಿಕೆ ಎಂಬುದು ಅವರ ಪ್ರಶ್ನೆ. ಜೊತೆಗೆ ಇನ್ನೊಂದು: ದೊಡ್ಡ ತಂಡ ಊರು ಬಿಟ್ಟಾಗ ಅದರ ಕೆಳಗಿನ ಸಣ್ಣ ತಂಡಗಳ ಗತಿ ಏನು? ಮಗಳ ಪಕ್ಕದ ಮನೆಯವರು, ಮೂಸ್ ಕೂಡ ಒಮ್ಮೆ ಹೋಗಿ ಬಂದಿದೆ ಅಂದರಂತೆ.

ಮೊದಲು ತಪ್ಪೊಪ್ಪಿಗೆ. ಆ ತಲೆಬರಹ ಕೊಟ್ಟವನು ನಾನೇ. ಲೇಖಕರು ಬೇರೆ ಏನೋ ಕೊಟ್ಟಿದ್ದರು. 'ಮನೆಗೆ ಮರಳಿದ' ಅಂದರೆ ಓದುಗರ ಕಣ್ಣು ನಿಲ್ಲುತ್ತದೆ ಅಂತ ಬದಲಿಸಿದೆ. ನಿಮ್ಮ ಕಣ್ಣು ನಿಂತಿತು, ಆದರೆ ನಾನು ಅಂದುಕೊಂಡ ರೀತಿಯಲ್ಲಲ್ಲ.

ವಿನ್ನಿಪೆಗ್‌ನ ಹಳೆಯ ಜೆಟ್ಸ್ ಹುಟ್ಟಿದ್ದು 1972ರಲ್ಲಿ, ಡಬ್ಲ್ಯುಎಚ್‌ಎ ಎಂಬ ಲೀಗ್‌ನಲ್ಲಿ. ಆ ಕಾಲದ ದೊಡ್ಡ ತಾರೆ ಬಾಬಿ ಹಲ್ ಆಡಿದ ತಂಡ ಅದು. ಆ ಲೀಗ್‌ನ ಕಪ್ ಮೂರು ಸಲ ಗೆದ್ದಿತ್ತು. 1979ರಲ್ಲಿ ಐಸ್ ಹಾಕಿಯ ಅತಿ ದೊಡ್ಡ ಲೀಗ್ ಎನ್‌ಎಚ್‌ಎಲ್ ಸೇರಿತು. ಆಮೇಲೆ ಕಷ್ಟ ಶುರುವಾಯಿತು. ಕ್ರೀಡಾಂಗಣ ಹಳೆಯದು. ಟಿಕೆಟ್ ಹಣ ಬರುವುದು ಕೆನಡಾ ಡಾಲರ್‌ನಲ್ಲಿ, ಆಟಗಾರರಿಗೆ ಸಂಬಳ ಕೊಡಬೇಕಾದದ್ದು ಅಮೆರಿಕದ ಡಾಲರ್‌ನಲ್ಲಿ. ಕೆನಡಾ ಡಾಲರ್ ಕುಸಿದಷ್ಟೂ ತಂಡ ಮುಳುಗಿತು. ಊರಿನವರು ಚಂದಾ ಎತ್ತಿದರು, ಬೀದಿಗಿಳಿದರು. ಆದರೂ 1996ರಲ್ಲಿ ತಂಡ ಅರಿಜೋನಾದ ಫೀನಿಕ್ಸ್‌ಗೆ ಹೋಗಿ ಕಯೋಟೀಸ್ ಆಯಿತು.

ಈಗ ಅಟ್ಲಾಂಟಾ ಕಡೆ ಬನ್ನಿ. ಆ ಊರಿಗೂ ಇದೇನು ಹೊಸ ಗಾಯವಲ್ಲ. ಅಲ್ಲಿದ್ದ ಫ್ಲೇಮ್ಸ್ ತಂಡ 1980ರಲ್ಲೇ ಕ್ಯಾಲ್ಗರಿಗೆ ಹೋಗಿತ್ತು. 1999ರಲ್ಲಿ ಹೊಸ ತಂಡ ಬಂತು, ಥ್ರಾಶರ್ಸ್ ಅಂತ. ಜಾರ್ಜಿಯಾ ರಾಜ್ಯದ ಹಕ್ಕಿಯ ಹೆಸರದು. ಹನ್ನೊಂದು ಸೀಸನ್‌ನಲ್ಲಿ ಒಂದೇ ಒಂದು ಸಲ, 2007ರಲ್ಲಿ, ಪ್ಲೇಆಫ್‌ಗೆ ಹೋಯಿತು. ನ್ಯೂಯಾರ್ಕ್ ರೇಂಜರ್ಸ್ ಕೈಲಿ ನಾಲ್ಕಕ್ಕೆ ನಾಲ್ಕೂ ಸೋತು ಬಂತು. ದಕ್ಷಿಣದವರಿಗೆ ಹಾಕಿ ರುಚಿಸುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ತಂಡದ ಮಾಲೀಕರು ಒಬ್ಬರಲ್ಲ, ಒಂದು ಗುಂಪು. ಅವರೊಳಗೇ ವರ್ಷಗಟ್ಟಲೆ ಕೋರ್ಟು ಕಚೇರಿ ನಡೆದಿತ್ತು. ಅದೇ ಗುಂಪಿನ ಕೈಯಲ್ಲಿ ಹಾಕ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡವೂ ಇತ್ತು, ಕ್ರೀಡಾಂಗಣವೂ ಇತ್ತು. ಅವೆರಡನ್ನೂ ಇಟ್ಟುಕೊಂಡು ಹಾಕಿ ತಂಡವನ್ನು ಮಾತ್ರ ಕಳಚಿಕೊಂಡರು. ಮನೆಯವರೇ ಬೇಡ ಅಂದ ಮಗುವನ್ನು ಓಣಿಯವರು ಎಷ್ಟು ಅಂತ ಎತ್ತಿ ಆಡಿಸಬೇಕು?

2011ರ ಮೇ 31ರಂದು ಮಾರಾಟದ ಘೋಷಣೆ ಆಯಿತು. ಕೊಂಡವರು ವಿನ್ನಿಪೆಗ್‌ನ ಟ್ರೂ ನಾರ್ತ್ ಸಂಸ್ಥೆ. ಅದರ ಹಿಂದೆ ಉದ್ಯಮಿಗಳಾದ ಮಾರ್ಕ್ ಚಿಪ್‌ಮನ್ ಮತ್ತು ಡೇವಿಡ್ ಥಾಮ್ಸನ್. ಒಟ್ಟು 17 ಕೋಟಿ ಡಾಲರ್. ಅದರಲ್ಲಿ 6 ಕೋಟಿ ಲೀಗ್‌ಗೆ ಕಟ್ಟಬೇಕಾದ ಸ್ಥಳಾಂತರ ಶುಲ್ಕ. ಅಂದರೆ ಊರು ಬಿಡಿಸುವುದಕ್ಕೇ ಒಂದು ದರ ಇದೆ. ಅದು ಸೇರುವುದು ಲೀಗ್‌ನ ಗಲ್ಲಾಪೆಟ್ಟಿಗೆಗೆ, ತಂಡ ಕಳೆದುಕೊಂಡ ಊರಿಗಲ್ಲ. 13 ಸಾವಿರ ಸೀಸನ್ ಟಿಕೆಟ್ ಮಾರಿದರೆ ಮಾತ್ರ ಸರಿಹೋಗುತ್ತದೆ ಎಂಬ ಲೆಕ್ಕವಿತ್ತು. ಸಾರ್ವಜನಿಕರಿಗೆ ಮಾರಾಟ ತೆರೆದ ದಿನ ಉಳಿದ ಟಿಕೆಟ್‌ಗಳು ನಿಮಿಷಗಳಲ್ಲಿ ಖಾಲಿ! ಜೂನ್ 24ರಂದು ಹೆಸರು ಹೊರಬಿತ್ತು. ಮತ್ತೆ ಜೆಟ್ಸ್.

ಈ ಹೆಸರೇ ನನ್ನ ತಲೆ ಕೆಡಿಸಿದ್ದು. ಟೀಮು ಸೆಲಾನೆ ಎಂಬ ಫಿನ್ಲೆಂಡಿನ ಹುಡುಗ 1992-93ರಲ್ಲಿ ಹಳೆಯ ಜೆಟ್ಸ್ ಪರ ತನ್ನ ಮೊದಲ ಸೀಸನ್‌ನಲ್ಲೇ 76 ಗೋಲು ಹೊಡೆದ. ವಿನ್ನಿಪೆಗ್‌ನಲ್ಲಿ ಅದನ್ನು ಇವತ್ತಿಗೂ ಮರೆತಿಲ್ಲ. ಆದರೆ ಲೀಗ್‌ನ ಪುಸ್ತಕದಲ್ಲಿ ಆ ಗೋಲುಗಳು ಅರಿಜೋನಾಗೆ ಹೋದ ತಂಡದ ಖಾತೆಯಲ್ಲಿವೆ. ಇತ್ತ ಇಲ್ಯಾ ಕೋವಾಲ್ಚುಕ್ ಥ್ರಾಶರ್ಸ್ ಪರ 328 ಗೋಲು ಹೊಡೆದವನು. ವಿನ್ನಿಪೆಗ್ ಅಂಗಿ ತೊಟ್ಟು ಒಂದು ದಿನವೂ ಆಡಿಲ್ಲ. ಆದರೂ ಈಗಿನ ಜೆಟ್ಸ್ ಪುಸ್ತಕದಲ್ಲಿ ವರ್ಷಗಟ್ಟಲೆ ಅವನೇ ಮೊದಲ ಸಾಲಿನಲ್ಲಿದ್ದ. ಊರಿನ ನೆನಪು ಒಂದು ಕಡೆ, ಖಾತೆ ಪುಸ್ತಕ ಇನ್ನೊಂದು ಕಡೆ. ನೀವು ಹೇಳಿದ್ದೇ ಸರಿ. ಮರಳಿದ್ದು ಹೆಸರು ಮಾತ್ರ, ಅದರ ಕೆಳಗೆ ಬಂದು ನಿಂತವರು ಬೇರೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಿಜ ಹೇಳಬೇಕೆಂದರೆ ನನಗೆ ಇದೇ ಜಾಸ್ತಿ ಇಷ್ಟ. ನಮ್ಮ ಲೇಖನದಲ್ಲಿ ಈ ವಿಷಯಕ್ಕೆ ಸಿಕ್ಕಿದ್ದು ಎರಡೇ ಸಾಲು.

ಎನ್‌ಎಚ್‌ಎಲ್‌ನ ಪ್ರತಿ ತಂಡದ ಕೆಳಗೆ ಎಎಚ್‌ಎಲ್ ಲೀಗ್‌ನ ಒಂದು ತಂಡ ಇರುತ್ತದೆ. ಅದಕ್ಕೂ ಕೆಳಗೆ ಇಸಿಎಚ್‌ಎಲ್. ಅಲ್ಲಿನವರು ಫಾರ್ಮ್ ಟೀಮ್ ಅನ್ನುತ್ತಾರೆ. ನಮ್ಮ ಕಡೆ ಸಸಿಮಡಿ ಅಂದರೆ ಸರಿಹೋದೀತು. ಹುಡುಗರು ಅಲ್ಲಿ ಬೆಳೆಯುತ್ತಾರೆ. ಮೇಲಿನ ತಂಡದಲ್ಲಿ ಯಾರಿಗಾದರೂ ಪೆಟ್ಟಾದರೆ ರಾತ್ರೋರಾತ್ರಿ ಫೋನ್ ಬರುತ್ತದೆ, ಬೆಳಿಗ್ಗೆ ವಿಮಾನ ಹತ್ತಬೇಕು. ಎಷ್ಟೋ ಹುಡುಗರ ಒಪ್ಪಂದದಲ್ಲಿ ಎರಡು ಸಂಬಳ ಬರೆದಿರುತ್ತದೆ, ಮೇಲೆ ಆಡಿದ ದಿನಕ್ಕೆ ಒಂದು, ಕೆಳಗೆ ಆಡಿದ ದಿನಕ್ಕೆ ಒಂದು. ನೀವು ನೋಡಿದ ಮೂಸ್ ಪಂದ್ಯದಲ್ಲಿ ಆಡಿದ ಒಬ್ಬಿಬ್ಬರು ಮರುದಿನವೇ ಜೆಟ್ಸ್ ಅಂಗಿ ತೊಟ್ಟಿದ್ದರೂ ಆಶ್ಚರ್ಯವಿಲ್ಲ.

(ಮೂಸ್ ಯಾವ ಪ್ರಾಣಿ ಅಂತ ಕೇಳಿದ್ದೀರಿ. ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ.)

ಈ ಮೂಸ್ ಕೂಡ ವಿನ್ನಿಪೆಗ್‌ನ ಹುಟ್ಟುಮಗು ಅಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ದೊಡ್ಡ ತಂಡ ನಾರ್ತ್ ಸ್ಟಾರ್ಸ್ 1993ರಲ್ಲಿ ಡಲ್ಲಾಸ್‌ಗೆ ಹೋಯಿತು. ಮರುವರ್ಷ ಅಲ್ಲಿನ ಸೇಂಟ್ ಪಾಲ್ ಊರಿನಲ್ಲಿ ಮಿನ್ನೆಸೋಟ ಮೂಸ್ ಶುರುವಾಯಿತು. 1996ರಲ್ಲಿ ಜೆಟ್ಸ್ ಹೋದ ಹೊತ್ತಿಗೆ ಅದೇ ಮೂಸ್ ವಿನ್ನಿಪೆಗ್‌ಗೆ ಬಂದು, ಆ ಪ್ರಾಂತ್ಯದ ಹೆಸರಿನಲ್ಲಿ ಮ್ಯಾನಿಟೋಬಾ ಮೂಸ್ ಆಯಿತು. ಮುಂದೆ ಜೆಟ್ಸ್ ಎಂಬ ಹೆಸರು ಘೋಷಣೆಯಾದದ್ದೂ ಸೇಂಟ್ ಪಾಲ್‌ನಲ್ಲೇ. ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಆ ವರ್ಷದ ಡ್ರಾಫ್ಟ್ ಅಲ್ಲಿತ್ತು. ಹದಿನೈದು ವರ್ಷ ಮೂಸ್ ವಿನ್ನಿಪೆಗ್‌ನ ಚಳಿಗಾಲ ಕಳೆಸಿತು. ವ್ಯಾಂಕೂವರ್ ತಂಡಕ್ಕೆ ಆಟಗಾರರನ್ನು ಬೆಳೆಸಿಕೊಟ್ಟಿತು. 2009ರಲ್ಲಿ ಎಎಚ್‌ಎಲ್‌ನ ಪ್ರಶಸ್ತಿಯಾದ ಕಾಲ್ಡರ್ ಕಪ್‌ನ ಫೈನಲ್‌ವರೆಗೂ ಹೋಗಿತ್ತು.

2011ರಲ್ಲಿ ಜೆಟ್ಸ್ ಬಂತು. ಎರಡೂ ತಂಡ ಟ್ರೂ ನಾರ್ತ್‌ನದ್ದೇ. ಸಣ್ಣ ಊರು, ಹದಿನೈದು ಸಾವಿರ ಸೀಟಿನ ಒಂದೇ ಕ್ರೀಡಾಂಗಣ. ಮೂಸ್‌ಗೆ ಜಾಗವಿಲ್ಲ ಅಂದರು. ಎಲ್ಲಿಗೆ ಕಳಿಸಿದರು ಗೊತ್ತಾ? ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್‌ಗೆ. ಮೂರು ಸಾವಿರ ಕಿಲೋಮೀಟರಿಗೂ ದೂರ. ಗಡಿಯಾರದಲ್ಲಿ ಎರಡೂವರೆ ಗಂಟೆ ವ್ಯತ್ಯಾಸ. ನಮ್ಮಂತೆಯೇ ಅಲ್ಲೂ ಅರ್ಧ ಗಂಟೆಯ ಸಮಯ ಲೆಕ್ಕ. ಗದ್ದೆ ಒಂದು ಕಡೆ, ಸಸಿಮಡಿ ದೇಶದ ಇನ್ನೊಂದು ತುದಿಯಲ್ಲಿ ಅಂದಂತೆ.

ಸೇಂಟ್ ಜಾನ್ಸ್‌ನವರು ಮಾತ್ರ ಕುಣಿದಾಡಿದರು. ಅವರ ಊರಲ್ಲಿದ್ದ, ಟೊರಾಂಟೊ ಮೇಪಲ್ ಲೀಫ್ಸ್‌ನ ಮರಿತಂಡ 2005ರಲ್ಲಿ ಟೊರಾಂಟೊಗೇ ಹೋಗಿತ್ತು. ಅಲ್ಲಿನ ಮಾಜಿ ಪ್ರೀಮಿಯರ್, ಅಂದರೆ ಪ್ರಾಂತ್ಯದ ಮುಖ್ಯಮಂತ್ರಿ, ಡ್ಯಾನಿ ವಿಲಿಯಮ್ಸ್ ಮುಂದೆ ನಿಂತು ಹೊಸ ತಂಡ ತರಿಸಿದರು. ಐಸ್‌ಕ್ಯಾಪ್ಸ್ ಅಂತ ಹೆಸರಿಟ್ಟರು. 2014ರಲ್ಲಿ ಅದು ಫೈನಲ್ ಕೂಡ ಆಡಿತು. ಮರುವರ್ಷ ಟ್ರೂ ನಾರ್ತ್‌ಗೆ ಮರಿಯನ್ನು ಹತ್ತಿರವೇ ಇಟ್ಟುಕೊಳ್ಳುವುದು ವಾಸಿ ಅನಿಸಿತು. 2015ರಲ್ಲಿ ತಂಡ ವಿನ್ನಿಪೆಗ್‌ಗೆ ವಾಪಸು, ಮತ್ತೆ ಮೂಸ್. ಜಾಗವಿಲ್ಲ ಅಂದ ಅದೇ ಕ್ರೀಡಾಂಗಣದಲ್ಲೇ! ನಿಮ್ಮ ಮಗಳ ಪಕ್ಕದ ಮನೆಯವರು ಹೇಳಿದ್ದು ಇದನ್ನೇ. 'ಮನೆಗೆ ಮರಳಿದ' ಅನ್ನುವ ಮಾತು ಯಾರಿಗಾದರೂ ಒಪ್ಪುವುದಿದ್ದರೆ ಮೂಸ್‌ಗೆ.

ಇತ್ತ ಸೇಂಟ್ ಜಾನ್ಸ್ ಮಾಂಟ್ರಿಯಲ್ ತಂಡದ ಜೊತೆ ಮಾತಾಡಿತು. ಹ್ಯಾಮಿಲ್ಟನ್‌ನಲ್ಲಿದ್ದ ಮಾಂಟ್ರಿಯಲ್‌ನ ಮರಿತಂಡ ಅಲ್ಲಿಗೆ ಬಂತು. ಹೆಸರು ಐಸ್‌ಕ್ಯಾಪ್ಸ್ ಅಂತಲೇ ಉಳಿಯಿತು, ಆಟಗಾರರೆಲ್ಲ ಬೇರೆ. ಇಲ್ಲೂ ಅದೇ ಕಥೆ ನೋಡಿ. ಹ್ಯಾಮಿಲ್ಟನ್ ಖಾಲಿಯಾಯಿತು ಅಂತ ಬೆಲ್‌ವಿಲ್‌ನ ಜೂನಿಯರ್ ತಂಡವನ್ನು ಅಲ್ಲಿಗೆ ತಂದರು. ಬೆಲ್‌ವಿಲ್‌ಗೆ 2017ರಲ್ಲಿ ಬಿಂಗ್‌ಹ್ಯಾಮ್ಟನ್‌ನಿಂದ ಒಟ್ಟಾವಾದ ಮರಿತಂಡ ಬಂತು. ಬಿಂಗ್‌ಹ್ಯಾಮ್ಟನ್‌ಗೆ ಆಲ್ಬನಿಯದ್ದು. ಆಲ್ಬನಿಗೆ ಯಾರೂ ಬರಲಿಲ್ಲ. ಇದನ್ನೆಲ್ಲ ಅಟ್ಲಾಂಟಾದ ಒಂದು ಮಾರಾಟದ ತಲೆಗೆ ಕಟ್ಟುವುದು ತಪ್ಪು. ಒಬ್ಬೊಬ್ಬರಿಗೆ ಒಂದೊಂದು ಕಾರಣವಿತ್ತು. ಆದರೆ ಬಸ್ಸಿನಲ್ಲಿ ಒಬ್ಬರು ಸೀಟು ಬದಲಿಸಿದರೆ ಸಾಲಿನವರೆಲ್ಲ ಏಳಬೇಕಾಗುತ್ತದಲ್ಲ, ಕೊನೆಗೆ ಒಬ್ಬರು ನಿಂತೇ ಹೋಗಬೇಕಾಗುತ್ತದಲ್ಲ, ಹಾಗೆ.

ಸೇಂಟ್ ಜಾನ್ಸ್ ಮತ್ತೆ ಸೀಟಿಲ್ಲದೆ ನಿಂತಿತು. 2017ರಲ್ಲಿ ಮಾಂಟ್ರಿಯಲ್ ತನ್ನ ಮರಿಯನ್ನು ಪಕ್ಕದ ಲಾವಾಲ್‌ಗೆ ಕರೆಸಿಕೊಂಡಿತು. 2018ರಲ್ಲಿ ಒಂದು ಮೆಟ್ಟಿಲು ಕೆಳಗಿನ ಇಸಿಎಚ್‌ಎಲ್ ತಂಡ ಗ್ರೌಲರ್ಸ್ ಬಂತು. ಮೊದಲ ಸೀಸನ್‌ನಲ್ಲೇ ಆ ಲೀಗ್‌ನ ಕೆಲ್ಲಿ ಕಪ್ ಗೆದ್ದಿತು. 2024ರ ಏಪ್ರಿಲ್‌ನಲ್ಲಿ ಲೀಗ್ ಅದರ ಸದಸ್ಯತ್ವವನ್ನೇ ರದ್ದು ಮಾಡಿತು.

ಹಾಗಾದರೆ ಎಲ್ಲ ಮರಿತಂಡಗಳೂ ಹೀಗೆ ಅಲೆಯುತ್ತವೆಯೇ? ಇಲ್ಲ. ಥ್ರಾಶರ್ಸ್‌ನ ಮರಿತಂಡ ಯಾವುದಿತ್ತು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಶಿಕಾಗೋ ವುಲ್ವ್ಸ್. 2002 ಮತ್ತು 2008ರಲ್ಲಿ ಕಾಲ್ಡರ್ ಕಪ್ ಗೆದ್ದ ಗಟ್ಟಿ ತಂಡ. ಅಟ್ಲಾಂಟಾ ಮಾರಾಟವಾದಾಗ ಅದು ಕದಲಲಿಲ್ಲ. ಯಾಕೆ? ಅದಕ್ಕೆ ಶಿಕಾಗೋದಲ್ಲೇ ಮಾಲೀಕರಿದ್ದರು. ಮೇಲಿನ ತಂಡದ ಜೊತೆ ಇದ್ದದ್ದು ಒಪ್ಪಂದ ಮಾತ್ರ. ಮೂಸ್ ಹೋದ ಮೇಲೆ ವ್ಯಾಂಕೂವರ್‌ಗೆ ಮರಿತಂಡ ಬೇಕಿತ್ತು, ವುಲ್ವ್ಸ್‌ಗೆ ಮೇಲಿನ ತಂಡ ಬೇಕಿತ್ತು. ಇಬ್ಬರೂ ಕೈ ಕುಲುಕಿದರು. 2023-24ರಲ್ಲಂತೂ ವುಲ್ವ್ಸ್ ಯಾರ ಹಂಗೂ ಇಲ್ಲದೆ ಒಂದು ಪೂರ್ತಿ ಸೀಸನ್ ಆಡಿತು. ಪೆನ್ಸಿಲ್ವೇನಿಯಾದ ಹರ್ಷಿ ಬೇರ್ಸ್ ಇನ್ನೂ ಹಳೆಯ ಕುಳ. ಚಾಕೊಲೇಟ್ ಊರಿನ ತಂಡ, 1938ರಿಂದ ಅದೇ ಲೀಗ್‌ನಲ್ಲಿದೆ. ಮೇಲಿನ ತಂಡಗಳು ಎಷ್ಟೋ ಬದಲಾದವು, ಬೇರ್ಸ್ ಊರು ಬಿಡಲಿಲ್ಲ.

ಇತ್ತೀಚಿನದ್ದೂ ಒಂದಿದೆ. ಹಳೆಯ ಜೆಟ್ಸ್ ಆಗಿದ್ದ ಆ ಕಯೋಟೀಸ್, ಕೊನೆಗೆ ಒಂದು ವಿಶ್ವವಿದ್ಯಾಲಯದ ಐದು ಸಾವಿರ ಸೀಟಿನ ಅಂಗಳದಲ್ಲಿ ಆಡುತ್ತಿತ್ತು. 2023ರಲ್ಲಿ ಫೀನಿಕ್ಸ್ ಪಕ್ಕದ ಟೆಂಪಿ ಊರಿನ ಮತದಾರರು ಹೊಸ ಕ್ರೀಡಾಂಗಣ ಬೇಡ ಅಂದರು. 2024ರ ಏಪ್ರಿಲ್‌ನಲ್ಲಿ ಆಟಗಾರರು ಯೂಟಾದ ಸಾಲ್ಟ್ ಲೇಕ್ ಸಿಟಿಗೆ ಹೋದರು. ಆದರೆ ಅವರ ಮರಿತಂಡ ರೋಡ್‌ರನ್ನರ್ಸ್ ಅರಿಜೋನಾದ ಟೂಸಾನ್‌ನಲ್ಲೇ ಉಳಿದು ಈಗ ಯೂಟಾಗೆ ಆಟಗಾರರನ್ನು ಕಳಿಸುತ್ತಿದೆ. ಇನ್ನೂ ತಮಾಷೆ ಎಂದರೆ ಯೂಟಾವನ್ನು ಲೀಗ್ ಹೊಚ್ಚ ಹೊಸ ತಂಡ ಅಂತಲೇ ಎಣಿಸುತ್ತದೆ. ಕಯೋಟೀಸ್ ದಾಖಲೆಗಳು ಅದರ ಜೊತೆ ಹೋಗಲಿಲ್ಲ. ಅಂದರೆ ಸೆಲಾನೆಯ 76 ಗೋಲಿಗೆ ಈಗ ಯಾವ ಊರೂ ಇಲ್ಲ. ವಿನ್ನಿಪೆಗ್‌ನವರು ಕೊಟ್ಟುಬಿಡಿ ಅಂತ ಕೇಳಬಹುದಲ್ವಾ? ನಾನಾಗಿದ್ದರೆ ಕೇಳುತ್ತಿದ್ದೆ.

ಜೆಟ್ಸ್ ಮತ್ತೆ ಹೋದೀತೇ ಎಂಬ ನಿಮ್ಮ ಮಗಳ ಅಳುಕಿನ ಬಗ್ಗೆ. 13 ಸಾವಿರವಿದ್ದ ಸೀಸನ್ ಟಿಕೆಟ್ 9,500ರ ಆಸುಪಾಸಿಗೆ ಇಳಿದಿದೆ ಅಂತ 2024ರ ಆರಂಭದಲ್ಲಿ ಚಿಪ್‌ಮನ್ ಅವರೇ ಬಹಿರಂಗವಾಗಿ ಹೇಳಿದ್ದರು. ಊರವರಿಗೆ ಎದೆ ಧಸಕ್ ಅಂದದ್ದು ಸಹಜ. ಆದರೆ ತಂಡ, ಮರಿತಂಡ, ಕ್ರೀಡಾಂಗಣ ಮೂರೂ ಊರಿನದೇ ಸಂಸ್ಥೆ ಟ್ರೂ ನಾರ್ತ್ ಕೈಯಲ್ಲಿವೆ. 1996ರಲ್ಲಿ ಹಾಗಿರಲಿಲ್ಲ, ಅಟ್ಲಾಂಟಾದಲ್ಲಿ ಮಾಲೀಕರಿಗೆ ಮನಸ್ಸಿರಲಿಲ್ಲ. ಅಷ್ಟು ಧೈರ್ಯ ಸದ್ಯಕ್ಕೆ ಹೇಳಬಲ್ಲೆ.

ತಲೆಬರಹದ ತಿದ್ದುಪಡಿ ಮುಂದಿನ ಸಂಚಿಕೆಯ ಮೂರನೇ ಪುಟದಲ್ಲಿ ಬರುತ್ತದೆ. ಲೇಖಕರ ಹೆಸರಲ್ಲಲ್ಲ, ನನ್ನ ಹೆಸರಲ್ಲಿ.

— ಸಂಪಾದಕ